ನೋಟವೂ ಅದತ್ತಾದಾನವೇ?

ಅಚೌರ್ಯದ ವಿಚಾರ ಬಂದಾಗ ಸಾಮಾನ್ಯವಾಗಿ ಧನ, ಧಾನ್ಯ, ಭೂಮಿ, ತಕ್ಕಡಿ, ತೂಕದ ಕಲ್ಲುಗಳ ಮಾತೇ ಮುಂದೆ ಬರುತ್ತದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಆದರೆ ಬಾವಿಯ ನೀರು, ಕೆರೆಯ ಮಣ್ಣು ಮೊದಲಾದ, ಎಲ್ಲರಿಗೂ ಸೇರಿದ ವಸ್ತುಗಳನ್ನು ಗೃಹಸ್ಥನ ಮಟ್ಟಿಗೆ ಈ ದೋಷದಿಂದ ಹೊರಗಿಟ್ಟು ಹೇಳುವುದು ವಾಡಿಕೆ. ಹಾಗಾದರೆ ಬೀದಿಯ ನೋಟ ಯಾವ ವರ್ಗಕ್ಕೆ ಸೇರಿದ್ದು? ಬೀದಿಯಲ್ಲಿ ನಡೆಯುವವನು ಕಣ್ಣಿಗೆ ಬಿದ್ದುದನ್ನು ನೋಡಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ನೋಡಿದ್ದರಿಂದ ನೋಡಿಸಿಕೊಂಡವನ ಪೆಟ್ಟಿಗೆಯಲ್ಲಿ ಒಂದು ಕಾಸೂ ಕಡಮೆಯಾಗುವುದಿಲ್ಲ. ಆದುದರಿಂದ ನೋಟವು ಬಾವಿಯ ನೀರಿನಂತೆಯೇ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನೋಟವೇ ಸರಕಾಗಿ ಶುಲ್ಕಕ್ಕೆ ಮಾರಾಟವಾಗತೊಡಗಿದಾಗ ಈ ಉತ್ತರ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಅಂಥ ವ್ಯವಹಾರವೊಂದು ಮುಂಬಯಿಯ ಧಾರಾವಿಯಲ್ಲಿ ಸುಮಾರು ಎರಡು ದಶಕಗಳಿಂದ ನಡೆದುಬಂದಿದೆ.

ಧಾರಾವಿ ಒಂದು ಕಾಲಕ್ಕೆ ಕೋಳಿ ಬೆಸ್ತರ ಊರು. ಮಾಹಿಮ್ ಮತ್ತು ಸಾಯನ್‌ಗಳ ನಡುವೆ, ಮಿಠಿ ನದಿಯ ಬದಿಯ ಜೌಗು ನೆಲದಲ್ಲಿ ಬೆಳೆದದ್ದು. ನಗರ ಬೆಳೆದಂತೆ ನಗರಕ್ಕೆ ಬೇಡವಾದ ಕಸುಬುಗಳೆಲ್ಲ ಅಲ್ಲಿಗೆ ಬಂದು ನೆಲೆಸಿದವು. ಸೌರಾಷ್ಟ್ರದಿಂದ ಬಂದ ಕುಂಬಾರರು, ತಮಿಳುನಾಡಿನಿಂದ ಬಂದ ಚರ್ಮ ಹದಮಾಡುವವರು, ಉತ್ತರ ಪ್ರದೇಶದ ಕಸೂತಿಯವರು ಮತ್ತು ದರ್ಜಿಗಳು. ಎರಡು ಚದರ ಕಿಲೋಮೀಟರಿಗೆ ತುಸು ಹೆಚ್ಚಿನ ನೆಲದಲ್ಲಿ ಆರು ಲಕ್ಷದಿಂದ ಹತ್ತು ಲಕ್ಷ ಜನರಿದ್ದಾರೆಂದು ಅಂದಾಜು. ಅಂದಾಜಿನಲ್ಲೇ ನಾಲ್ಕು ಲಕ್ಷದ ಅಂತರವಿರುವುದು ಆ ಜನರನ್ನು ಎಣಿಸಲು ತೋರಿದ ಆಸಕ್ತಿಯ ಅಳತೆಯೂ ಹೌದು.

2005ರಲ್ಲಿ ಕ್ರಿಸ್ ವೇ ಎಂಬ ಇಂಗ್ಲೆಂಡಿನ ಯುವಕನೂ ಕೃಷ್ಣ ಪೂಜಾರಿಯವರೂ ಸೇರಿ ಇಲ್ಲಿ ಪಾದಯಾನದ ಒಂದು ಸಂಸ್ಥೆಯನ್ನು ಕಟ್ಟಿದರು. ಚಿಕ್ಕ ಚಿಕ್ಕ ಗುಂಪುಗಳಲ್ಲಿ, ಒಬ್ಬ ಮಾರ್ಗದರ್ಶಿಯ ಹಿಂದೆ, ಎರಡು ಎರಡೂವರೆ ಗಂಟೆಗಳ ನಡಿಗೆ. ಪ್ಲಾಸ್ಟಿಕ್ಕನ್ನು ಜಾತಿ, ಬಣ್ಣಗಳಂತೆ ಬೇರ್ಪಡಿಸಿ, ಪುಡಿಮಾಡಿ, ತೊಳೆದು, ಮಾಡಿನ ಮೇಲೆ ಒಣಗಿಸಿ, ಕರಗಿಸಿ, ಹರಳು ಮಾಡಿ ಮತ್ತೆ ಕಾರ್ಖಾನೆಗಳಿಗೆ ಮಾರುವ ಕೆಲಸವನ್ನು ಪ್ರವಾಸಿಗರು ನೋಡುತ್ತಾರೆ. ಅನಂತರ ಕುಂಬಾರವಾಡೆಯ ಆವಿಗೆಗಳು, ಹೆಂಗಸರು ಲಟ್ಟಿಸಿ ಮಗುಚಿಟ್ಟ ಬಿದಿರು ಬುಟ್ಟಿಗಳ ಮೇಲೆ ಒಣಹಾಕಿದ ಹಪ್ಪಳ, ಮತ್ತು ಎದುರಿನಿಂದ ಬಂದವನಿಗೆ ಪಕ್ಕಕ್ಕೆ ಸರಿಯಲೂ ಎಡೆಯಿಲ್ಲದ ಇಕ್ಕಟ್ಟಿನ ಗಲ್ಲಿಗಳು. 2008ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಚಲನಚಿತ್ರ ಬಂದ ಮೇಲೆ ಈ ಕುತೂಹಲ ಇನ್ನಷ್ಟು ಬೆಳೆಯಿತು. 2019ರಲ್ಲಿ ಪ್ರವಾಸಿಗರ ಅಭಿಪ್ರಾಯಗಳನ್ನು ಆಧರಿಸಿದ ಒಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಭಾರತದ ಮಟ್ಟಿಗೆ, ಧಾರಾವಿಯ ನಡಿಗೆಯು ತಾಜ್ ಮಹಲಿನ ಪ್ರವಾಸವನ್ನೂ ಹಿಂದೆ ಹಾಕಿತು. ಸತ್ತವರ ನೆನಪಿಗೆ ಕಟ್ಟಿದ ಕಟ್ಟಡವನ್ನು ನೋಡುವುದಕ್ಕೂ ಬದುಕಿರುವವರ ಮನೆಯ ಮುಂದೆ ನಿಂತು ನೋಡುವುದಕ್ಕೂ ಒಂದೇ ಪಟ್ಟಿಯಲ್ಲಿ ಅಂಕ ಕೊಡಬಹುದೆಂಬುದು ಆಶ್ಚರ್ಯದ ಮಾತು.

ಇದು ಈ ಕಾಲದ ಹೊಸ ಚಪಲವೇನೂ ಅಲ್ಲ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಕೇರಿಯನ್ನು ನೋಡಲು ಹೋದದ್ದು ಇಬ್ಬರು ಪೊಲೀಸರ ಬೆಂಗಾವಲಿನಲ್ಲಿ. 1880ರ ದಶಕದಲ್ಲಿ ಲಂಡನ್ನಿನ ಶ್ರೀಮಂತರು ನಗರದ ಪೂರ್ವಭಾಗದ ಬಡವರ ಕೇರಿಗಳಿಗೆ ಹೋಗಿಬರುವುದು ಒಂದು ಶೋಕಿಯೇ ಆಗಿ, ಅದಕ್ಕೊಂದು ಹೆಸರೂ ಹುಟ್ಟಿಕೊಂಡಿತು. 1884ರ ಹೊತ್ತಿಗೆ ಆ ಶೋಕಿ ಸಮುದ್ರ ದಾಟಿ ನ್ಯೂಯಾರ್ಕಿಗೂ ಬಂದಿತ್ತು. ಅಲ್ಲಿನ ಚೀನೀಯರ ಕೇರಿಯಲ್ಲಿ ಚಕ್ ಕಾನರ್ಸ್ ಎಂಬ ಮಾರ್ಗದರ್ಶಿಯು ಪ್ರವಾಸಿಗರಿಗೆಂದೇ ಅಫೀಮಿನ ಅಡ್ಡೆಯೊಂದನ್ನು ನಾಟಕದಂತೆ ಕಟ್ಟಿ ತೋರಿಸುತ್ತಿದ್ದ. ನೋಡುವವನು ಕೊಟ್ಟ ಹಣಕ್ಕೆ ತಕ್ಕ ದೃಶ್ಯ ಸಿಗದಿದ್ದರೆ ದೃಶ್ಯವನ್ನೇ ತಯಾರಿಸಿ ಒದಗಿಸುವ ವ್ಯಾಪಾರ ಅದು. ಬಜಾರಿನಲ್ಲಿ ಕಲಬೆರಕೆಯ ತುಪ್ಪ ಹುಟ್ಟಿಕೊಳ್ಳುವುದೂ ಇದೇ ಕಾರಣದಿಂದಲೇ.

ಧಾರಾವಿಯ ನಡಿಗೆಯನ್ನು ಈ ಹಳೆಯ ಶೋಕಿಯ ಸಾಲಿಗೆ ಸೇರಿಸಿ ತಳ್ಳಿಹಾಕುವುದು ನ್ಯಾಯವಲ್ಲ. ಮೇಲೆ ಹೇಳಿದ ಸಂಸ್ಥೆಯ ನಿಯಮದಂತೆ ಪ್ರವಾಸಿಗರು ಛಾಯಾಚಿತ್ರ ತೆಗೆಯುವಂತಿಲ್ಲ. ಲಾಭದ ನೂರಕ್ಕೆ 80 ಭಾಗವನ್ನು ಶಿಕ್ಷಣ ಮೊದಲಾದ ಕೆಲಸಗಳಿಗಾಗಿ ಸೇವಾಸಂಸ್ಥೆಗೆ ಕೊಡುವುದು ಅವರ ಘೋಷಿತ ನೀತಿ. ಮಾರ್ಗದರ್ಶಿಗಳಲ್ಲಿ ಅದೇ ಕೇರಿಯ ಹುಡುಗರಿದ್ದಾರೆ. ಬಹುಪಾಲು ವ್ಯಾಪಾರಿಗಳು ತಮ್ಮ ಲಾಭದ ಎಷ್ಟನೆಯ ಪಾಲನ್ನು ಸರಕು ಹುಟ್ಟಿದ ಊರಿಗೆ ಹಿಂತಿರುಗಿಸುತ್ತಾರೆಂದು ಲೆಕ್ಕ ಹಾಕಿದರೆ ಈ ನೀತಿಗೆ ತಲೆಬಾಗಬೇಕಾಗುತ್ತದೆ. ಹೀಗಿದ್ದೂ ಮೂಲಪ್ರಶ್ನೆ ಹಾಗೆಯೇ ಉಳಿಯುತ್ತದೆ. ದಾನವು ಕೇರಿಗೆ ಸಲ್ಲುತ್ತದೆ. ನೋಟವನ್ನು ತೆಗೆದುಕೊಂಡದ್ದು ಒಬ್ಬೊಬ್ಬ ವ್ಯಕ್ತಿಯಿಂದ. ಒಬ್ಬನ ಅಂಗಡಿಯಿಂದ ಕೇಳದೆ ಸರಕನ್ನೊಯ್ದು ಅದರ ಬೆಲೆಯನ್ನು ಊರ ಛತ್ರಕ್ಕೆ ಕೊಟ್ಟವನನ್ನು ಕಳ್ಳನೆನ್ನಲು ನಾಲಿಗೆ ಅಳುಕಬಹುದು. ಆದರೆ ಆ ಅಂಗಡಿಯವನ ಖಾತೆ ಮಾತ್ರ ಚುಕ್ತಾ ಆಗುವುದಿಲ್ಲ.

ಬೀದಿಯ ನೋಟ ಎಲ್ಲರದೂ ಎಂಬ ವಾದ ಸೋಲುವುದು ಇಲ್ಲಿಯೇ. ಬೀದಿಯಲ್ಲಿ ಕಾಣುವುದನ್ನು ಯಾರೂ ನೋಡಬಹುದೆಂಬ ನಿಯಮದ ಹಿಂದೆ ಹೇಳದೆ ಬಿಟ್ಟ ಒಂದು ಷರತ್ತಿದೆ: ನೋಡಬಾರದ್ದನ್ನು ಒಳಗಿಟ್ಟುಕೊಳ್ಳಲು ಪ್ರತಿಯೊಬ್ಬನಿಗೂ ಒಂದು 'ಒಳಗೆ' ಇರಬೇಕು. ಅಂಗಳ, ಪಡಸಾಲೆ, ನಡುಮನೆ, ಅಡುಗೆಮನೆ, ಅದರಾಚೆ ದೇವರ ಗೂಡು, ಹಿತ್ತಿಲು — ಹೀಗೆ ಮನೆಯು ನೋಟವನ್ನು ಹಂತ ಹಂತವಾಗಿ ತಡೆಯುತ್ತದೆ. ಬಂದವರಲ್ಲಿ ಯಾರು ಪಡಸಾಲೆಯವರೆಗೆ, ಯಾರು ನಡುಮನೆಯವರೆಗೆ ಎಂಬುದನ್ನು ಮನೆಯ ಯಜಮಾನಿ ಬಾಯಿಬಿಟ್ಟು ಹೇಳದೆಯೇ ತೀರ್ಮಾನಿಸುತ್ತಾಳೆ. ನೂರು ಚದರ ಅಡಿಯ ಒಂದೇ ಕೋಣೆಯಲ್ಲಿ ಐದಾರು ಜನ ಇರುವಲ್ಲಿ ಈ ಹಂತಗಳು ಎಲ್ಲಿಂದ ಬರಬೇಕು? ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಮಗುವಿಗೆ ನೀರು ಹಾಕುವುದು, ಮುದುಕರು ಮಧ್ಯಾಹ್ನ ಒರಗುವುದು, ಎಲ್ಲವೂ ಗಲ್ಲಿಗೇ ಬಂದು ನಡೆಯುತ್ತವೆ. ನಕಾಶೆಯಲ್ಲಿ ಅದು ದಾರಿ. ಬದುಕಿನಲ್ಲಿ ಅದೇ ಅವರ ಹಿತ್ತಿಲು. ಬೆಳಗ್ಗೆ ಸಾರ್ವಜನಿಕ ಶೌಚಾಲಯದ ಮುಂದೆ ಚೊಂಬು ಹಿಡಿದು ನಿಂತ ಸಾಲನ್ನೂ ಬೀದಿಯ ನೋಟವೆಂದು ಕರೆಯಲು ಯಾರಿಗೆ ಮನಸ್ಸು ಬಂದೀತು?

ಕೀನ್ಯಾ ದೇಶದ ನೈರೋಬಿಯ ಕಿಬೆರಾ ಕೇರಿಯಲ್ಲಿ ಬೆಳೆದು, ಮುಂದೆ ಅಲ್ಲಿಯೇ ಜನಸೇವೆಯ ಸಂಸ್ಥೆಯನ್ನು ಕಟ್ಟಿದ ಕೆನೆಡಿ ಒಡೆಡೆ ಎಂಬವರು 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಲೇಖನವೊಂದು ಈ ವಿಷಯದಲ್ಲಿ ಪ್ರಸಿದ್ಧವಾದುದು. ಅವರಿಗೆ ಆಗ 16 ವರ್ಷ. ಎರಡು ದಿನಗಳಿಂದ ಊಟವಿರಲಿಲ್ಲ. ನೂರು ಚದರ ಅಡಿಯ ಮನೆಯ ಹೊರಗೆ ಕುಳಿತು ಪಾತ್ರೆ ತೊಳೆಯುತ್ತಿದ್ದಾಗ ಪ್ರವಾಸಕ್ಕೆ ಬಂದ ಬಿಳಿಯ ಹೆಂಗಸೊಬ್ಬಳು ಅವರ ಚಿತ್ರ ತೆಗೆದುಕೊಂಡು, ಅವರು ಬಾಯಿ ತೆರೆಯುವುದರೊಳಗೆ ಮುಂದೆ ಹೊರಟುಹೋದಳು. ಪಂಜರದ ಹುಲಿಯಂತೆ ಅನ್ನಿಸಿತೆಂದು ಅವರು ಬರೆದಿದ್ದಾರೆ. ಅವರು ಕುಳಿತಿದ್ದುದು ಮನೆಯ ಹೊರಗೆ. ಕಾನೂನಿನ ಪ್ರಕಾರ ಆ ಹೆಂಗಸಿನದು ತಪ್ಪೇ ಅಲ್ಲ. ಆದರೆ ಒಳಗೆ ಪಾತ್ರೆ ತೊಳೆಯಲು ಸ್ಥಳವಿದ್ದಿದ್ದರೆ ಆ ಹುಡುಗ ಹೊರಗೆ ಬರುತ್ತಿರಲಿಲ್ಲ. ಬಾಗಿಲು ಹಾಕಿಕೊಳ್ಳುವ ಅನುಕೂಲ ಒಬ್ಬನಿಗಿದ್ದು ಇನ್ನೊಬ್ಬನಿಗಿಲ್ಲದಿರುವಲ್ಲಿ, ಬಾಗಿಲು ತೆರೆದಿದೆಯೆಂಬುದನ್ನೇ ಒಪ್ಪಿಗೆಯೆಂದು ಎಣಿಸುವುದು ಹೇಗೆ? ಸಾಲಗಾರನ ಮೌನವನ್ನು ಬಡ್ಡಿ ಏರಿಸಲು ಕೊಟ್ಟ ಸಮ್ಮತಿಯೆಂದು ಖಾತೆಯಲ್ಲಿ ಬರೆದುಕೊಳ್ಳುವವನಿಗೂ ಹೀಗೆ ಎಣಿಸುವವನಿಗೂ ಹೆಚ್ಚಿನ ಭೇದವಿಲ್ಲ.

ಅದೇ ಗಲ್ಲಿಗೆ ದಿನವೂ ಹೊರಗಿನವರು ನೂರಾರು ಮಂದಿ ಬರುತ್ತಾರೆ, ಯಾರಿಗೂ ಮುಜುಗರವಾಗುವುದಿಲ್ಲ; ಏಕೆಂದರೆ ಅವರು ಗಿರಾಕಿಗಳು. ಹಣತೆಯ ಸಗಟು ವ್ಯಾಪಾರಕ್ಕೆ ಬಂದವನು ಕುಂಬಾರನ ಎದುರು ಕುಳಿತು ನೂರಕ್ಕೆ ಎಷ್ಟೆಂದು ಚೌಕಾಶಿ ಮಾಡುತ್ತಾನೆ. ಅವನು ಹಣತೆಯನ್ನು ಪರೀಕ್ಷಿಸುವಾಗ ಕುಂಬಾರನೂ ಅವನ ಮುಖ, ಮೈಮೇಲಿನ ಬಟ್ಟೆ, ಸಾಲ ತೀರಿಸುವ ಯೋಗ್ಯತೆಗಳನ್ನು ಪರೀಕ್ಷಿಸುತ್ತಾನೆ. ಬೇಡವೆನ್ನುವ ಅಧಿಕಾರ ಇಬ್ಬರಿಗೂ ಇದೆ. ವ್ಯಾಪಾರವನ್ನು ಲೋಭದ ಮನೆಯೆಂದು ಹಳಿಯುವವರು ಅದರ ಈ ಗುಣವನ್ನು ಮರೆಯುತ್ತಾರೆ. ಪ್ರವಾಸಿಗನ ನೋಟದಲ್ಲಿ ಈ ಮರುನೋಟಕ್ಕೆ ಸ್ಥಾನವಿಲ್ಲ.

ಚರ್ಮದ ಕೆಲಸದ ಗಲ್ಲಿಗೆ ಬಂದಾಗ ಜೈನ ಗೃಹಸ್ಥನು ಮುಖ ತಿರುಗಿಸುವುದು ಸಹಜ. ಆ ಕಸುಬಿನ ಹಿಂಸೆಯನ್ನು ಅವನು ಒಪ್ಪಲಾರ, ಒಪ್ಪಲೂ ಬೇಕಾಗಿಲ್ಲ. ಆದರೆ ಮುಖ ತಿರುಗಿಸಿದ್ದು ಕಸುಬಿನಿಂದಲೋ ಕಸುಬು ಮಾಡುವ ಮನುಷ್ಯನಿಂದಲೋ ಎಂಬುದು ಅಲ್ಲಿ ಕುಳಿತ ಕೆಲಸಗಾರನಿಗೆ ತಿಳಿಯುವ ಬಗೆಯಿಲ್ಲ. ತಿರುಗಿಸಿದ ಮುಖವೂ ಒಂದು ನೋಟವೇ. ಕೆಲವೊಮ್ಮೆ ಹೆಚ್ಚು ಹರಿತವಾದದ್ದು. ಕಾಲ ಕೆಳಗಿನ ಕೀಟಕ್ಕಾಗಿ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯುವ ಎಚ್ಚರ ಎದುರಿನ ಮನುಷ್ಯನ ಮುಖದ ವಿಷಯದಲ್ಲಿಯೂ ಇರಬೇಕಾದದ್ದು.

ಹಳೆಯ ಕಾಲದ ನೋಡುಗರು ಕನಿಕರ ಅಥವಾ ಅಸಹ್ಯಗಳೊಡನೆ ಹಿಂತಿರುಗುತ್ತಿದ್ದರು. ಈಗಿನವರು ಬಹುಮಟ್ಟಿಗೆ ಮೆಚ್ಚುಗೆಯೊಡನೆ ಹಿಂತಿರುಗುತ್ತಾರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಮೆಲಿಸ್ಸಾ ನಿಸ್ಬೆಟ್ ಅವರು ಧಾರಾವಿಗೆ ಬಂದವರ ಲಿಖಿತ ಅಭಿಪ್ರಾಯಗಳನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಅಂಶವನ್ನೇ ಎತ್ತಿ ತೋರಿಸಿತು: ಬಡತನವು ಅವರ ಕಣ್ಣಿಗೆ ಸಹಜವೂ ಸುಂದರವೂ ಆಗಿ ಕಂಡು, ಅದರ ಕಾರಣಗಳ ಪ್ರಶ್ನೆ ಮರೆಯಾಗಿತ್ತು. ಧಾರಾವಿಯ ವಹಿವಾಟು ವರ್ಷಕ್ಕೆ 100 ಕೋಟಿ ಡಾಲರ್ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಅಂದಾಜು, ಯಾವ ಲೆಕ್ಕಪರಿಶೋಧಕನೂ ರುಜು ಹಾಕಿದ ಅಂಕಿಯಲ್ಲ. ಇರಲಿ, ನಿಜವೇ ಎಂದಿಟ್ಟುಕೊಂಡರೂ ವಹಿವಾಟು ಬೇರೆ, ಲಾಭ ಬೇರೆ, ಕೂಲಿ ಬೇರೆ ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಪ್ಲಾಸ್ಟಿಕ್ ಕರಗಿಸುವ ಯಂತ್ರದ ಮುಂದೆ ಹೊಗೆ ಕುಡಿದು, ರಾತ್ರಿ ಅದೇ ಯಂತ್ರದ ಪಕ್ಕದಲ್ಲಿ ಮಲಗಿ, ಉಳಿದದ್ದನ್ನು ಬಿಹಾರದ ಹಳ್ಳಿಗೆ ಕಳುಹಿಸುವವನ ಪಾಲಿಗೆ ಆ 100 ಕೋಟಿಯಲ್ಲಿ ಎಷ್ಟು ಬರುತ್ತದೆ? 'ಎಷ್ಟು ಶ್ರಮಜೀವಿಗಳು, ಎಷ್ಟು ನಗುಮುಖ!' ಎಂಬ ಹೊಗಳಿಕೆ ಕಿವಿಗೆ ಇಂಪು. ಆದರೆ ಕನಿಕರಪಟ್ಟವನಿಗೆ ಏನಾದರೂ ಕೊಡಬೇಕೆಂಬ ಕಸಿವಿಸಿಯಾದರೂ ಉಳಿಯುತ್ತದೆ. ಮೆಚ್ಚಿಕೊಂಡವನು ಮೆಚ್ಚುಗೆಯನ್ನೇ ಕೊಟ್ಟು ಹಗುರಾಗಿಬಿಡುತ್ತಾನೆ.

ಹಾಗಾದರೆ ನೋಡದೆ ಇರುವುದೇ ಲೇಸೆ? ಮುಂಬಯಿಯ ಅನುಕೂಲಸ್ಥರಲ್ಲಿ ಬಹುಮಂದಿ ಪಕ್ಕದ ಹೆದ್ದಾರಿಯಲ್ಲಿ ನಿತ್ಯವೂ ಸಾಗುತ್ತಾರೆ. ಗಾಜು ಏರಿಸಿದ ಕಾರಿನಿಂದ ಧಾರಾವಿ ಒಂದು ತಗಡಿನ ಸಮುದ್ರವಷ್ಟೆ. ಅವರು ಎಸೆದ ಪ್ಲಾಸ್ಟಿಕ್ ಡಬ್ಬಿ ಮಾತ್ರ ಅಲ್ಲಿಗೆ ಹೋಗಿ, ಬೇರೆ ರೂಪ ತಾಳಿ ಅವರ ಮನೆಗೇ ಹಿಂತಿರುಗುತ್ತದೆ. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೋನಾ ಪ್ರಕರಣ ಪತ್ತೆಯಾದಾಗ ಆ ಕೇರಿಯೇ ನಗರಕ್ಕೆ ಮೃತ್ಯುವಾದೀತೆಂದು ಹೆದರಿದವರು ಎಷ್ಟೋ ಮಂದಿ. ಅದೇ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ರೋಗವನ್ನು ಹಿಡಿತಕ್ಕೆ ತಂದ ನಿದರ್ಶನವಾಗಿ ಧಾರಾವಿಯ ಹೆಸರು ಹೇಳಿದರು. ನೋಡದೆ ಇರುವವನಿಗೆ ಹೀಗೆ ಭಯ ಮಾತ್ರ ಗೊತ್ತಿರುತ್ತದೆ. ಕಾಣದವರ ಮೇಲೆ ಆರೋಪ ಹೊರಿಸುವುದು ಎಲ್ಲಕ್ಕಿಂತ ಸುಲಭ. ಆದುದರಿಂದ ಧಾರಾವಿಯ ನಡಿಗೆಯನ್ನು ನಿಷೇಧಿಸಬೇಕೆನ್ನುವವರ ವಾದ ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ನಡೆಯುವವನು, ಗೋಡೆಯಿಲ್ಲದವನಿಗೆ ತನ್ನ ಕಣ್ಣಿನ ರೆಪ್ಪೆಯನ್ನೇ ಗೋಡೆಯಾಗಿ ಕೊಡಬಲ್ಲ. ಕಸುಬನ್ನು ನೋಡಿ, ಸಂಸಾರವನ್ನು ನೋಡದೆ ಮುಂದೆ ಸಾಗಬಲ್ಲ. ನೋಡಿದ ಮೇಲೆ ಉಳಿಯುವ ಋಣ ಮಾತ್ರ ಅಷ್ಟರಿಂದ ತೀರುವಂಥದಲ್ಲ.

ಹಿಂದಿನ ವ್ಯವಹಾರಗಳಲ್ಲಿ ಪತ್ರಕ್ಕೆ ಸಾಕ್ಷಿ ಹಾಕಿದವನಿಗೆ ಪತ್ರದಿಂದ ಲಾಭವೇನೂ ಇರುತ್ತಿರಲಿಲ್ಲ. ಆದರೆ ತಕರಾರು ಎದ್ದ ದಿನ ಅವನು ಎದ್ದು ನಿಂತು ಕಂಡದ್ದನ್ನು ಹೇಳಬೇಕಾಗಿತ್ತು. ಹೇಳದಿದ್ದರೆ ಊರು ಅವನನ್ನು ನಂಬುತ್ತಿರಲಿಲ್ಲ. ಧಾರಾವಿಯಲ್ಲಿ ಆ ದಿನ ಈಗ ಬಂದಿದೆ. ಅದರ ಪುನರ್ನಿರ್ಮಾಣದ ಗುತ್ತಿಗೆಯ ಹರಾಜನ್ನು 2022ರ ನವೆಂಬರಿನಲ್ಲಿ ಅದಾನಿ ಸಮೂಹ ಗೆದ್ದು, 2023ರ ಜುಲೈಯಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ಅವರಿಗೆ ವಹಿಸಿತು. 2024ರಲ್ಲಿ ಮನೆ ಮನೆಯ ಗಣತಿ ಪ್ರಾರಂಭವಾಯಿತು. ಪ್ರಕಟವಾದ ಯೋಜನೆಯಂತೆ 2000ದ ಜನವರಿ 1ಕ್ಕೆ ಮೊದಲಿನಿಂದ ನೆಲದ ಮಟ್ಟದಲ್ಲಿ ವಾಸವಾಗಿರುವವರಿಗೆ ಧಾರಾವಿಯಲ್ಲಿಯೇ 350 ಚದರ ಅಡಿಯ ಮನೆ ಉಚಿತ; ಅನಂತರ ಬಂದವರಿಗೂ ಮಹಡಿಯ ಮೇಲಿನವರಿಗೂ ಧಾರಾವಿಯ ಹೊರಗೆ, ಬೇರೆ ಷರತ್ತುಗಳ ಮೇಲೆ. 350 ಚದರ ಅಡಿಯ ಮನೆಗೆ ಗೋಡೆಗಳಿರುತ್ತವೆ, ಒಳಗೇ ಶೌಚಾಲಯವಿರುತ್ತದೆ, ಹಾಕಿಕೊಳ್ಳಲು ಬಾಗಿಲಿರುತ್ತದೆ. ಇದನ್ನು ಸಣ್ಣ ಮಾತೆಂದು ಯಾರೂ ಹೇಳಬಾರದು. ಆದರೆ ಕುಂಬಾರವಾಡೆಯ ಮನೆಯಲ್ಲಿ ಮುಂದಿನ ಕೋಣೆ ಚಕ್ರಕ್ಕೆ, ಅಂಗಳ ಹಸಿ ಮಡಕೆಗೆ, ನಾಲ್ಕಾರು ಮನೆಗಳ ನಡುವಿನ ಬಯಲು ಆವಿಗೆಗೆ. ಅರಿವೆಯ ಚಿಂದಿ ಉರಿಸಿ ಸುಡುವ ಆವಿಗೆಯನ್ನು ಹತ್ತನೆಯ ಮಹಡಿಗೆ ಒಯ್ಯಲಾಗುವುದಿಲ್ಲ. ಇದನ್ನು ಕಣ್ಣಾರೆ ಕಂಡವರು ಜಗತ್ತಿನ ನಾನಾ ದೇಶಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಒಂದೊಂದು ನಡಿಗೆಯ ಕೊನೆಯಲ್ಲಿ ಅವರು ಆ ಅಂಗಳದಲ್ಲಿ ನಿಂತು ಆವಿಗೆಯ ಬಿಸಿಯನ್ನು ಮುಖದ ಮೇಲೆ ತಾಳಿಕೊಂಡವರು. ಅವರಲ್ಲಿ ಎಷ್ಟು ಜನ ಸಾಕ್ಷಿ ಹೇಳಲು ಎದ್ದು ನಿಂತಾರೆಂಬುದನ್ನು ಕುಂಬಾರರು ಇನ್ನೂ ಕಾದು ನೋಡಬೇಕಾಗಿದೆ.