ಅನ್ನದ ಋಣ ಯಾರಿಗೆ?

'ಉಂಡ ಮನೆಗೆ ಎರಡು ಬಗೆಯಬೇಡ' ಎಂಬುದು ನಮ್ಮ ಹಿರಿಯರ ಮಾತು. ಆದರೆ ಉಂಡ ಅನ್ನ ನಿಜವಾಗಿ ಯಾರದೆಂದು ನಾವು ಕೇಳುವುದು ವಿರಳ.

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿ ಒಂದು ಕಂಬವಿದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಮಡದಿ ಹಾಗೂ ಸಂಗಡಿಗರೊಡನೆ ಪ್ರಾಣ ನೀಗಿದ ಸಂಗತಿಯನ್ನು ಅದು ಹೇಳುತ್ತದೆ. ಇಂಥವರನ್ನು ಗರುಡರೆಂದರು. ಒಡೆಯನ ಅನ್ನದ ಋಣಕ್ಕೆ 'ಜೋಳದ ಪಾಳಿ' ಎಂಬ ಹೆಸರಿತ್ತು. ಜಪಾನಿನ ಸಮುರಾಯಿಯ ಸಂಬಳವೂ ಅಕ್ಕಿಯ ಅಳತೆಯಲ್ಲಿತ್ತು. ಒಡೆಯನ ಹಿಂದೆ ಸಾಯುವ ರೂಢಿಯೂ ಇತ್ತು. 1663ರಲ್ಲಿ ಅಲ್ಲಿನ ಷೋಗುನ್ ಸರ್ಕಾರವೇ ಅದನ್ನು ನಿಷೇಧಿಸಬೇಕಾಯಿತು.

ನಮ್ಮ ಹೈದರಾಬಾದು ಸಂಸ್ಥಾನದಲ್ಲಿಯೂ ಇಂಥದೇ ಏಣಿಯಿತ್ತು. ದಂಡು ಸಾಕುವುದಕ್ಕೆಂದು ನಿಜಾಮರು ಪಾಯಗಾ ಮನೆತನಗಳಿಗೆ ಊರೂರುಗಳನ್ನೇ ಜಹಗೀರು ಕೊಟ್ಟರು. ಬೀದರ ಸೀಮೆಯ ಚಿಟಗುಪ್ಪವೂ ಅಂಥದೊಂದು. ಜಹಗೀರುದಾರ ನಿಜಾಮರಿಗೆ ಋಣಿ, ಸಿಪಾಯಿ ಜಹಗೀರುದಾರನಿಗೆ ಋಣಿ. ಕಂದಾಯ ತೆತ್ತು ಬಿಟ್ಟಿ ದುಡಿದ ರೈತನಿಗೆ ಮಾತ್ರ ಯಾರೂ ಋಣಿಗಳಲ್ಲ! ಎಲ್ಲರ ಗಂಗಾಳಕ್ಕೂ ಜೋಳ ಬಂದದ್ದು ಅವನ ಹೊಲದಿಂದಲೇ. 1949ರಲ್ಲಿ ಜಹಗೀರುಗಳು ರದ್ದಾದವು, ಪ್ರಶ್ನೆ ರದ್ದಾಗಲಿಲ್ಲ.

ಹಾಗಾದರೆ ನಿಷ್ಠೆ ದುರ್ಗುಣವೇ? ಖಂಡಿತ ಅಲ್ಲ. ಕುವರ ಲಕ್ಷ್ಮನ ಮನಸ್ಸು ದೊಡ್ಡದು. ಆದರೆ ಆ ನಿಷ್ಠೆ ಕೊಟ್ಟ ಕೈಯನ್ನು ಕಂಡಿತೇ ಹೊರತು ಬೆಳೆದ ಕೈಯನ್ನು ಕಾಣಲಿಲ್ಲ.

ಸರ್ಕಾರಿ ನೌಕರರಾದ ನಾವೂ ಈ ಪ್ರಶ್ನೆಗೆ ಹೊರತಲ್ಲ. ಸಂಬಳದ ಬಿಲ್ಲಿಗೆ ರುಜು ಹಾಕುವವರು ಮೇಲಧಿಕಾರಿಗಳು; ಹಣ ಮಾತ್ರ ಕಿಟಕಿಯಾಚೆ ಅರ್ಜಿ ಹಿಡಿದು ನಿಂತವನದು. ಮೇಲಿನವರ ಮರ್ಜಿಗೂ ಅವನಿಗೆ ಸಲ್ಲಬೇಕಾದ ನ್ಯಾಯಕ್ಕೂ ತಿಕ್ಕಾಟ ಬಂದ ದಿನ, ಯಾರ ಜೋಳ ಉಂಡಿದ್ದೇವೆಂದು ನೆನೆದು ನಡೆಯುವುದೇ ನಿಜವಾದ ನಿಷ್ಠೆ.