ಷಟ್ಕರ್ಮಗಳ ಬೋಧೆಯೂ ಪ್ರೌಢಶಾಲೆಯ ವೃತ್ತಿಶಿಕ್ಷಣವೂ

ಕಲ್ಪವೃಕ್ಷಗಳು ಕ್ಷೀಣಿಸುತ್ತ ಬಂದು, ದುಡಿದು ಉಣ್ಣುವುದನ್ನೇ ಅರಿಯದಿದ್ದ ಭೋಗಭೂಮಿಯ ಜನರು ಮೊದಲ ಬಾರಿಗೆ ಜೀವನೋಪಾಯದ ಚಿಂತೆಗೆ ಬಿದ್ದಾಗ, ನಾಭಿರಾಜನ ಸೂಚನೆಯಂತೆ ಅವರು ವೃಷಭಸ್ವಾಮಿಯ ಬಳಿಗೆ ಬಂದು ಮೊರೆಯಿಟ್ಟರೆಂಬುದು ಆದಿಪುರಾಣದ ಕಥೆ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿದ, 941ರಲ್ಲಿ ಪಂಪ ಮಹಾಕವಿ ಕನ್ನಡಕ್ಕೆ ತಂದ ಈ ಪುರಾಣವನ್ನು ಬಲ್ಲವರಿಗೆ ಮುಂದಿನದು ತಿಳಿದೇ ಇದೆ. ಸ್ವಾಮಿಯು ಆ ಜನರಿಗೆ ವೈರಾಗ್ಯವನ್ನು ಬೋಧಿಸಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿದರು. ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದವರು ಅವರೇ. ಪ್ರಜೆಗಳಿಗೆ ನೆಲ ಉಳುವುದನ್ನೂ ಕೈಕಸುಬನ್ನೂ ಕಲಿಸಿದವರೂ ಅವರೇ. ಮೋಕ್ಷಮಾರ್ಗವನ್ನು ತೋರುವುದಕ್ಕೆ ಮುನ್ನ ಹೊಟ್ಟೆಯ ಮಾರ್ಗವನ್ನು ತೋರಿದ ಆದಿಗುರುವನ್ನು ಜೈನ ಸಮಾಜವು ನಿತ್ಯವೂ ಪೂಜಿಸುತ್ತದೆ.

ಈ ಆರರ ಪಟ್ಟಿಯಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ವಿದ್ಯೆ ಎಂಬುದು ಅಲ್ಲಿ ಆರರಲ್ಲಿ ಒಂದು. ಉಳಿದ ಐದರ ಮೇಲೆ ಕುಳಿತ ಅಧಿಪತಿಯ ಸ್ಥಾನ ಅದಕ್ಕಿಲ್ಲ. ಶಿಲ್ಪವು ಕೊನೆಯಲ್ಲಿ ಹೆಸರಿಸಲ್ಪಟ್ಟಿದ್ದರೂ ಕೀಳೆಂದು ಹೇಳಲ್ಪಟ್ಟಿಲ್ಲ. ಹೀಗಿರುವಾಗ, ಇಂದಿನ ಸಮಾಜವು ಮಕ್ಕಳ ವಿದ್ಯಾಭ್ಯಾಸವನ್ನು ತೂಗುವ ತಕ್ಕಡಿ ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅನೇಕ ಊರುಗಳಲ್ಲಿ ಕಾಣುವ ಒಂದು ದೃಶ್ಯವನ್ನು ನೆನೆಯಬಹುದು. ಬಸದಿಯ ಸಭಾಭವನದಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಯಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಅಂಕ ಪಡೆದವರ ಹೆಸರನ್ನು ಕರೆಯಲಾಗುತ್ತದೆ. ಶಾಲು, ಹಾರ, ನಗದು ಬಹುಮಾನ, ಭಾವಚಿತ್ರ. ವೈದ್ಯಕೀಯ, ಎಂಜಿನಿಯರಿಂಗ್ ಸೇರುವವರಿಗೆ ವಿದ್ಯಾರ್ಥಿವೇತನ. ಅದೇ ಸಭೆಯ ಮೂಲೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಹುಡುಗನೊಬ್ಬ ಧ್ವನಿವರ್ಧಕದ ಪೆಟ್ಟಿಗೆಯ ಬಳಿ ನಿಂತಿದ್ದಾನೆಂದು ಭಾವಿಸಬಹುದು. ಶಾಲೆಯಲ್ಲಿ ಅವನು ಎಲೆಕ್ಟ್ರಾನಿಕ್ಸ್ ವಿಷಯವನ್ನು ಆಯ್ದುಕೊಂಡವನು. ಬೆಳಗ್ಗೆ ಕೆಟ್ಟುಹೋಗಿದ್ದ ಮೈಕನ್ನು ಬಿಚ್ಚಿ, ಕಡಿದುಹೋದ ತಂತಿಯನ್ನು ಬೆಸೆದು ಸರಿಪಡಿಸಿದವನೂ ಅವನೇ. ವೇದಿಕೆಯ ಮೇಲಿನವರ ಮಾತೆಲ್ಲ ಅವನ ಕೈಗುಣದಿಂದಲೇ ಸಭೆಗೆ ಕೇಳಿಸುತ್ತಿದೆ. ಅವನ ಹೆಸರು ಮಾತ್ರ ಯಾವ ಪಟ್ಟಿಯಲ್ಲಿಯೂ ಇಲ್ಲ. ಯಾರೂ ಅವನನ್ನು ಅವಮಾನಿಸಿಲ್ಲ, ಯಾರೂ ಕಟುವಾಗಿ ಮಾತನಾಡಿಲ್ಲ. ಆದರೂ ಅವನ ತಾಯಿ ಮನೆಗೆ ಹಿಂದಿರುಗುವಾಗ ತನ್ನ ಮಗ ಬುದ್ಧಿ ಸಾಲದವನೆಂಬ ಭಾವವನ್ನು ಹೊತ್ತುಕೊಂಡೇ ಹೋಗುತ್ತಾಳೆ. ಈ ಭಾವವನ್ನು ಅವಳಲ್ಲಿ ಬಿತ್ತಿದವರು ಯಾರು?

ಪ್ರೌಢಶಾಲೆಯಲ್ಲಿ ವೃತ್ತಿಶಿಕ್ಷಣವೆಂಬುದು ಹೊಸ ವಿಚಾರವಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಸಕಲ ಶಿಕ್ಷಣ ನಡೆಯಬೇಕೆಂಬ ವಿಚಾರವನ್ನು ಮಂಡಿಸಿದರು. ಝಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. 1964–66ರ ಕೊಠಾರಿ ಆಯೋಗವು ಕಾರ್ಯಾನುಭವವು ಶಿಕ್ಷಣದ ಅಂಗವಾಗಬೇಕೆಂದು ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಯ ಮುಂದಿನ ಹಂತದ ವಿದ್ಯಾರ್ಥಿಗಳಲ್ಲಿ 1990ರ ವೇಳೆಗೆ ಶೇಕಡಾ 10ರಷ್ಟು, 1995ರ ವೇಳೆಗೆ ಶೇಕಡಾ 25ರಷ್ಟು ಮಂದಿ ವೃತ್ತಿಶಿಕ್ಷಣದ ಕಡೆಗೆ ಬರಬೇಕೆಂದು ಗುರಿಯಿಟ್ಟಿತು. ಆ ಗುರಿ ಕೈಗೂಡಲಿಲ್ಲ. 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಜಾರಿಗೆ ಬಂದ ಮೇಲೆ ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ಚಿಲ್ಲರೆ ವ್ಯಾಪಾರ, ಸೌಂದರ್ಯ ಮತ್ತು ಕ್ಷೇಮ, ಎಲೆಕ್ಟ್ರಾನಿಕ್ಸ್, ಸಿದ್ಧ ಉಡುಪು ಮೊದಲಾದ ವಿಷಯಗಳು ಬಂದವು. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು ತೃತೀಯ ಭಾಷೆಯ ಬದಲಿಗೆ ಇವುಗಳಲ್ಲೊಂದನ್ನು ಆಯ್ದುಕೊಳ್ಳುವ ಏರ್ಪಾಡಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹಿಂದಿನ ಪ್ರಯತ್ನಗಳ ಸೋಲನ್ನು ಮರೆಮಾಚಲಿಲ್ಲ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಉಲ್ಲೇಖಿಸಿ, ಭಾರತದಲ್ಲಿ 19ರಿಂದ 24 ವರ್ಷದ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇಕಡಾ 75, ದಕ್ಷಿಣ ಕೊರಿಯಾದಲ್ಲಿ ಶೇಕಡಾ 96 ಎಂದು ಅದು ತಿಳಿಸಿತು. ವೃತ್ತಿಶಿಕ್ಷಣವನ್ನು ಓದಿನಲ್ಲಿ ಹಿಂದುಳಿದವರ ಪಾಲಿನದೆಂದು ಕೀಳಾಗಿ ಕಾಣುವ ಮನೋಭಾವವನ್ನೂ ಅದು ಕಾರಣಗಳಲ್ಲಿ ಒಂದಾಗಿ ಹೆಸರಿಸಿತು. ಹಣ, ಯಂತ್ರ, ಶಿಕ್ಷಕರ ಕೊರತೆಯನ್ನು ಸರ್ಕಾರ ನೀಗಿಸಬಹುದು. ಮನೋಭಾವವನ್ನು ಸರ್ಕಾರಿ ಆದೇಶ ತಿದ್ದಲಾರದು. ಅದು ಮನೆಯಲ್ಲಿ, ಬಸದಿಯಲ್ಲಿ, ಸಮಾಜದ ಸಭೆಯಲ್ಲಿ ಹುಟ್ಟಿದ್ದು, ಅಲ್ಲಿಯೇ ತಿದ್ದಲ್ಪಡಬೇಕಾದದ್ದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವನ್ನು ಮಲಿನಗೊಳಿಸುವ ಎಂಟು ಮದಗಳನ್ನು ಎಣಿಸುತ್ತಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಈ ಎಂಟರಲ್ಲಿ ಮೊದಲನೆಯದು ಜ್ಞಾನಮದ. ಧನಮದವನ್ನು ಸುಲಭವಾಗಿ ಗುರುತಿಸುವ ಸಮಾಜವು ಜ್ಞಾನಮದವನ್ನು ಸದ್ಗುಣವೆಂದೇ ಭ್ರಮಿಸುವುದುಂಟು. ಅಂಕಪಟ್ಟಿಯನ್ನು ನೋಡಿ ಮಗುವಿನ ಯೋಗ್ಯತೆಯನ್ನು ನಿರ್ಣಯಿಸುವಾಗ, ಪದವಿಯನ್ನು ನೋಡಿ ಮನೆತನದ ಗೌರವವನ್ನು ಅಳೆಯುವಾಗ, ಜ್ಞಾನಮದವೂ ಕುಲಮದವೂ ಕೈಕೈ ಹಿಡಿದು ನಡೆಯುತ್ತವೆ. ಜ್ಞಾನವಾದರೋ ಆತ್ಮನ ಸ್ವಭಾವ. ಪ್ರತಿ ಜೀವದಲ್ಲಿಯೂ ಇರುವಂಥದು, ಕರ್ಮದ ಆವರಣದಿಂದ ಹೆಚ್ಚುಕಡಿಮೆಯಾಗಿ ತೋರುವಂಥದು. ಅದನ್ನು ಕೆಲವರ ಸ್ವತ್ತಾಗಿ ಎಣಿಸುವುದು ಜೈನ ತತ್ತ್ವಕ್ಕೆ ಹೊಂದುವ ಮಾತಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪಣೆ ಬರುತ್ತದೆ. ಕೈಕಸುಬುಗಳನ್ನು ಜೈನರು ದೂರವಿಟ್ಟದ್ದು ಗರ್ವದಿಂದಲ್ಲ, ಹಿಂಸೆಯ ಭಯದಿಂದ. ಬೆಂಕಿ, ಲೋಹ, ಉಳುಮೆಗಳಲ್ಲಿ ಜೀವಹಾನಿ ಹೆಚ್ಚೆಂದು ವಾಣಿಜ್ಯವನ್ನು ಹಿಡಿದರು ಎಂದು ಕೆಲವರು ವಾದಿಸುತ್ತಾರೆ. ಹೆಚ್ಚು ಹಿಂಸೆಯ ವ್ಯಾಪಾರಗಳನ್ನು ಶ್ರಾವಕನು ವರ್ಜಿಸಬೇಕೆಂದು ಶಾಸ್ತ್ರಗಳು ವಿಧಿಸಿರುವುದು ನಿಜ. ಆದರೆ ಕರ್ನಾಟಕದ ಮಟ್ಟಿಗೆ ಈ ವಾದ ಪೂರ್ಣವಾಗಿ ನಿಲ್ಲುವುದಿಲ್ಲ. ಬೆಳಗಾವಿ ಸೀಮೆಯಲ್ಲಿ ತಲೆಮಾರುಗಳಿಂದ ನೇಗಿಲು ಹಿಡಿದು ಬಾಳಿದ ಜೈನ ಮನೆತನಗಳು ಎಷ್ಟೋ ಇವೆ. ಅವರು ಶ್ರಾವಕರಲ್ಲವೆಂದು ಯಾರೂ ಹೇಳಲಾರರು. ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕೆಂದೂ ಉದ್ಯೋಗದಲ್ಲಿ ಒದಗುವ ಹಿಂಸೆಯನ್ನು ವಿವೇಕದಿಂದ ಕಡಿಮೆ ಮಾಡಿಕೊಳ್ಳಬೇಕೆಂದೂ ತಿಳಿಸಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾತಿ ಆಚಾರ್ಯರು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಎಂದಮೇಲೆ ವರ್ಜ್ಯವಲ್ಲದ ಒಂದು ವೃತ್ತಿಯನ್ನು ಎಷ್ಟು ಎಚ್ಚರದಿಂದ ನಡೆಸಲಾಯಿತು ಎಂಬುದೇ ಮುಖ್ಯವಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ವೃತ್ತಿಶಿಕ್ಷಣದ ಕೊಠಡಿಯು ಅಹಿಂಸೆಯ ಪಾಠಶಾಲೆಯೂ ಆಗಬಲ್ಲದು. ಮನೆಯ ವಿದ್ಯುತ್ ತಂತಿಗೆ ಸರಿಯಾದ ಭೂಸಂಪರ್ಕ ಕೊಡದ ಕೆಲಸಗಾರನ ಪ್ರಮಾದದಿಂದ ಒಂದು ಜೀವ ಹೋಗಬಹುದು. ವಾಹನದಿಂದ ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿದರೆ ಅದು ಕೆರೆಯನ್ನು ಸೇರಿ ಎಣಿಸಲಾಗದಷ್ಟು ಜಲಜೀವಿಗಳನ್ನು ಕೊಲ್ಲುತ್ತದೆ. ಅದನ್ನು ಡಬ್ಬಿಯಲ್ಲಿ ಶೇಖರಿಸಿ ಸಂಸ್ಕರಣೆಗೆ ಕೊಡುವುದನ್ನು ಕಲಿತ ಹುಡುಗ ಅಹಿಂಸಾಣುವ್ರತವನ್ನು ಕೈಯಿಂದ ಕಲಿತಂತೆಯೇ ಸರಿ. ಚಿಲ್ಲರೆ ವ್ಯಾಪಾರದ ಪಾಠಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೇ ಕೈಪಿಡಿಯಾಗಬಲ್ಲದು. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ನಕಲಿ ವಸ್ತುವನ್ನು ಬೆರೆಸಿ ಮಾರುವುದನ್ನೂ ಅಲ್ಲಿ ಅಚೌರ್ಯವ್ರತದ ಅತಿಚಾರಗಳೆಂದು ಎಣಿಸಲಾಗಿದೆ.

ಅದೇ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಶಕ್ತಿಮೀರಿದ ಹೊರೆಯನ್ನು ಹೇರುವುದೆಂದು ಅದರ ಅರ್ಥ. ತರಬೇತಿಗೆಂದು ಅಂಗಡಿಗೋ ಕಾರ್ಖಾನೆಗೋ ಬಂದ ಹದಿನೈದು ವರ್ಷದ ಬಾಲಕನನ್ನು ಸಂಬಳವಿಲ್ಲದ ಆಳಾಗಿ ದುಡಿಸಿಕೊಳ್ಳುವ ಮಾಲೀಕನಿಗೆ ಈ ಮಾತು ಅನ್ವಯಿಸುತ್ತದೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯಿದೆಯು 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವುದನ್ನು ನಿಷೇಧಿಸಿದೆ. ವ್ರತವು ಕಾಯಿದೆಗಿಂತ ಮುಂದೆ ಹೋಗಿ, ಕಲಿಯಲು ಬಂದವನಿಗೆ ಕಲಿಸದೆ ದುಡಿಸಿಕೊಳ್ಳುವುದನ್ನೇ ದೋಷವೆನ್ನುತ್ತದೆ. ಅಂಗಡಿ, ಗಿರಣಿ, ಕಾರ್ಖಾನೆಗಳ ಒಡೆಯರಾದ ಶ್ರಾವಕರು ಸಮಾಜದಲ್ಲಿ ಅನೇಕರಿರುವುದರಿಂದ ಈ ಎಚ್ಚರಿಕೆ ಅಗತ್ಯವಾಗಿದೆ.

ಇಷ್ಟಾದರೂ ವೃತ್ತಿಶಿಕ್ಷಣವನ್ನು ಹೊಗಳುವುದರಲ್ಲಿಯೇ ಒಂದು ಅಪಾಯವಡಗಿದೆ. ಬಡವರ ಮಕ್ಕಳಿಗೆ ಕಸುಬು, ಅನುಕೂಲಸ್ಥರ ಮಕ್ಕಳಿಗೆ ಕಾಲೇಜು ಎಂಬ ವಿಭಜನೆಗೆ ಅದು ಸುಲಭವಾಗಿ ನೆಪವಾಗಬಲ್ಲದು. ಜಿನಸೇನರ ಪುರಾಣದಲ್ಲಿಯೂ ವೃತ್ತಿಗಳ ಬೋಧೆಯ ಜೊತೆಗೆ ವರ್ಣಗಳ ವ್ಯವಸ್ಥೆಯ ಪ್ರಸಂಗ ಬರುತ್ತದೆ. ಕಸುಬು ಹುಟ್ಟಿಗೆ ಅಂಟಿಕೊಂಡಾಗ ಅದು ಅನ್ನದ ದಾರಿಯಾಗಿ ಉಳಿಯದೆ ಸಂಕೋಲೆಯಾಗುವುದನ್ನು ಈ ದೇಶದ ಇತಿಹಾಸ ಸಾಕಷ್ಟು ತೋರಿಸಿದೆ.

ಜಾತಿವ್ಯವಸ್ಥೆಯಿಲ್ಲದ ದೇಶದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಅಮೆರಿಕದಲ್ಲಿ ಸಾರ್ವಜನಿಕ ಪ್ರೌಢಶಾಲೆಗಳ ವೃತ್ತಿಶಿಕ್ಷಣಕ್ಕೆ 1917ರ ಸ್ಮಿತ್–ಹ್ಯೂಸ್ ಕಾಯಿದೆಯು ಕೇಂದ್ರ ಸರ್ಕಾರದ ಹಣ ಒದಗಿಸಿತು. ಅದಕ್ಕೆ ಎರಡು ವರ್ಷ ಮುಂಚೆ, 1915ರಲ್ಲಿ, ಡೇವಿಡ್ ಸ್ನೆಡೆನ್ ಮತ್ತು ಜಾನ್ ಡ್ಯೂಯಿ ಎಂಬ ಇಬ್ಬರು ಶಿಕ್ಷಣತಜ್ಞರ ನಡುವೆ ವಾದ ನಡೆದಿತ್ತು. ಶಾಲೆಯು ಮಕ್ಕಳನ್ನು ನಿರ್ದಿಷ್ಟ ಉದ್ಯೋಗಗಳಿಗೆ ಸಿದ್ಧಗೊಳಿಸಬೇಕೆಂಬುದು ಸ್ನೆಡೆನ್ನರ ಪಕ್ಷ. ಇರುವ ಕೈಗಾರಿಕಾ ವ್ಯವಸ್ಥೆಗೆ ಮಕ್ಕಳನ್ನು ಒಗ್ಗಿಸುವುದು ಶಿಕ್ಷಣವಲ್ಲ, ಕೆಲಸದ ಮೂಲಕ ಬುದ್ಧಿಯನ್ನು ಬೆಳೆಸುವುದು ಶಿಕ್ಷಣವೆಂಬುದು ಡ್ಯೂಯಿಯವರ ಪಕ್ಷ. ಮುಂದಿನ ದಶಕಗಳಲ್ಲಿ ಬಡವರ ಮತ್ತು ಕಪ್ಪು ಜನರ ಮಕ್ಕಳೇ ಹೆಚ್ಚಾಗಿ ವೃತ್ತಿಯ ತರಗತಿಗಳಿಗೆ ತಳ್ಳಲ್ಪಟ್ಟರೆಂಬ ಟೀಕೆ ಅಲ್ಲಿ ಬಲವಾಗಿ ಕೇಳಿಬಂತು. 2006ರ ಕಾಯಿದೆಯಲ್ಲಿ ಹಳೆಯ ಹೆಸರನ್ನೇ ಬಿಟ್ಟು ‘ಉದ್ಯೋಗ ಮತ್ತು ತಾಂತ್ರಿಕ ಶಿಕ್ಷಣ’ ಎಂಬ ಅರ್ಥದ ಹೊಸ ಹೆಸರನ್ನು ಇಡಲಾಯಿತು.

ಅನೇಕಾಂತದ ದೃಷ್ಟಿಯಲ್ಲಿ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಹಸಿದವನಿಗೆ ದುಡಿಮೆಯ ದಾರಿ ಬೇಕೆಂಬುದು ಒಂದು ನಯ. ವೃಷಭಸ್ವಾಮಿಯ ಕರುಣೆಯೂ ಅಲ್ಲಿಂದಲೇ ಹೊರಟಿತು. ಯಾವ ಮಗುವಿನ ಮುಂದಿನ ದಾರಿಯನ್ನೂ ಹದಿನಾಲ್ಕನೆಯ ವಯಸ್ಸಿಗೇ ಮುಚ್ಚಬಾರದೆಂಬುದು ಇನ್ನೊಂದು ನಯ. ಗಣಿತ, ವಿಜ್ಞಾನ, ಭಾಷೆಗಳ ಜೊತೆಯಲ್ಲಿಯೇ ಒಂದು ಕೌಶಲವನ್ನೂ ಕಲಿಸಿದರೆ ಎರಡೂ ನಯಗಳಿಗೆ ಎಡೆಯುಂಟು. ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೂ ಸೇರಲು ದಾರಿಯಿದೆ. ಈ ದಾರಿಯಿದೆಯೆಂಬುದನ್ನು ಹಳ್ಳಿಯ ತಂದೆತಾಯಿಗಳಿಗೆ ತಿಳಿಸುವವರು ಬೇಕಾಗಿದ್ದಾರೆ.

ಇಂಥ ಸಂದರ್ಭದಲ್ಲಿ ಹಿತನುಡಿ ಹೇಳುವವನ ಪ್ರಾಮಾಣಿಕತೆಗೆ ಒಂದೇ ಪರೀಕ್ಷೆ. ಪರರ ಮಗನಿಗೆ ವೃತ್ತಿಶಿಕ್ಷಣ ಶ್ರೇಷ್ಠವೆಂದು ಸಲಹೆ ಕೊಡುವ ಧರ್ಮದರ್ಶಿಯು ತನ್ನ ಮಗನಿಗೆ ಅದರಲ್ಲಿ ಒಲವಿದ್ದರೆ ಸಂತೋಷದಿಂದ ಒಪ್ಪುವನೇ? ಒಪ್ಪುವುದಾದರೆ ಅವನ ಮಾತು ಧರ್ಮ. ಒಪ್ಪದಿದ್ದರೆ ಅದು ತನ್ನವರಿಗೆ ಮೇಲಿನ ಪಾಲನ್ನು ಉಳಿಸಿಕೊಳ್ಳುವ ಪರಿಗ್ರಹದ ಇನ್ನೊಂದು ರೂಪವಷ್ಟೆ. ತನಗೆ ಪ್ರಿಯವಲ್ಲದ್ದನ್ನು ಅನ್ಯ ಜೀವಕ್ಕೆ ಮಾಡದಿರುವುದೇ ಅಹಿಂಸೆಯ ಮೊದಲ ಪಾಠವಲ್ಲವೇ?

ಬಸದಿಯ ಟ್ರಸ್ಟುಗಳು ಇದಕ್ಕಾಗಿ ಹೊಸ ಸಂಸ್ಥೆಯನ್ನು ಕಟ್ಟಬೇಕಾಗಿಲ್ಲ. ಪುರಸ್ಕಾರದ ನಿಯಮಗಳಲ್ಲಿ ಒಂದು ಸಾಲನ್ನು ಸೇರಿಸಿ, ಕೌಶಲದಲ್ಲಿ ಮುಂದಾದ ವಿದ್ಯಾರ್ಥಿಗೂ ಅದೇ ವೇದಿಕೆಯಲ್ಲಿ ಅದೇ ಮೊತ್ತದ ಬಹುಮಾನ ಕೊಡಬಹುದು. ವಿದ್ಯಾರ್ಥಿವೇತನವನ್ನು ಐಟಿಐ ಮತ್ತು ಡಿಪ್ಲೊಮಾಗಳಿಗೂ ವಿಸ್ತರಿಸಬಹುದು. ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಬೇಕಾದ ಉಪಕರಣಗಳನ್ನು ಜಾತಿಮತಗಳನ್ನು ನೋಡದೆ ಒದಗಿಸಿದರೆ ಅದು ಚತುರ್ವಿಧ ದಾನಗಳಲ್ಲಿ ಒಂದಾದ ಜ್ಞಾನದಾನವೇ ಆಗುತ್ತದೆ. ಸಮಾಜದ ಉದ್ಯಮಿಗಳು ತಮ್ಮಲ್ಲಿ ತರಬೇತಿಗೆ ಬರುವ ಮಕ್ಕಳನ್ನು ಮನೆಯ ಮಕ್ಕಳಂತೆ ನಡೆಸಿಕೊಳ್ಳಬಹುದು.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನ ಪಾದಗಳ ಬಳಿಯ ಶಾಸನಗಳು ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರನ್ನೂ ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ಹೆಸರನ್ನೂ ಹೇಳುತ್ತವೆ. 58 ಅಡಿಯ ಆ ಏಕಶಿಲೆಯಲ್ಲಿ ವೈರಾಗ್ಯದ ಶಾಂತಿಯನ್ನು ಕಡೆದ ಶಿಲ್ಪಿಯ ಹೆಸರು ಆ ಶಾಸನಗಳಲ್ಲಿಲ್ಲ. ಸಾವಿರ ವರ್ಷಗಳಿಂದ ಭಕ್ತರು ಆ ಕೈಯ ಕೆಲಸಕ್ಕೆ ಕೈಮುಗಿಯುತ್ತಿದ್ದಾರೆ. ಅಂದು ಬರೆಯದೆ ಉಳಿದ ಹೆಸರನ್ನು ಇಂದು ಬರೆಯಲಾಗದು. ಆದರೆ ಬರುವ ವರ್ಷದ ಪುರಸ್ಕಾರದ ಪಟ್ಟಿಯನ್ನು ಇನ್ನೂ ಬರೆದಿಲ್ಲ. ಮೈಕಿನ ಪೆಟ್ಟಿಗೆಯ ಬಳಿ ನಿಂತ ಹುಡುಗನ ಹೆಸರಿಗೆ ಅದರಲ್ಲಿ ಜಾಗ ಮಾಡುವುದು ಆ ಪಟ್ಟಿಯನ್ನು ಬರೆಯುವವರ ಕೈಯಲ್ಲಿದೆ.