ಬೇತೇಲ್ ಮತ್ತು ನಮ್ಮ ದೇವರ ಮನೆ

ಪನ್ವೇಲ್‌ನಲ್ಲಿ ಬೆನೆ ಇಸ್ರೇಲ್ ಯಹೂದಿಗಳು 1849ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರವಿದೆ. ಹೆಸರು ಬೆತ್ ಎಲ್. ಕನ್ನಡ ಬೈಬಲಿನಲ್ಲಿ ಇದೇ ಹೆಸರು ಬೇತೇಲ್. ಹೀಬ್ರೂವಿನಲ್ಲಿ ‘ಬೆತ್’ ಎಂದರೆ ಮನೆ, ‘ಎಲ್’ ಎಂದರೆ ದೇವರು. ಅಂದರೆ ನಾವು ದಿನವೂ ಆಡುವ ಮಾತೇ: ದೇವರ ಮನೆ.

ಆದಿಕಾಂಡದ ಪ್ರಕಾರ ಆ ಊರಿಗೆ ಮೊದಲು ಲೂಜ್ ಎಂಬ ಹೆಸರಿತ್ತು. ಅಣ್ಣನಿಗೆ ಸಲ್ಲಬೇಕಿದ್ದ ಆಶೀರ್ವಾದವನ್ನು ಕಣ್ಣು ಮಂಜಾದ ತಂದೆಯಿಂದ ಮೋಸದಿಂದ ಪಡೆದ ಯಾಕೋಬ, ಅಣ್ಣನ ಸಿಟ್ಟಿಗೆ ಹೆದರಿ ಮನೆ ಬಿಟ್ಟ. ದಾರಿಯಲ್ಲಿ ಕಲ್ಲನ್ನೇ ತಲೆದಿಂಬು ಮಾಡಿ ಮಲಗಿದಾಗ ಆಕಾಶ ಮುಟ್ಟುವ ಏಣಿಯ ಕನಸು ಬಿತ್ತು. ಎದ್ದವನು ಆ ಜಾಗಕ್ಕೆ ಬೇತೇಲ್ ಎಂದು ಹೆಸರಿಟ್ಟ.

ಈ ಕತೆ ನನ್ನನ್ನು ಚುಚ್ಚುತ್ತದೆ. ಊರ ಮನೆ ಮಾರಿಸಿ, ನನ್ನ ಪಾಲು ತೆಗೆದುಕೊಂಡು ಇಲ್ಲಿ ಫ್ಲ್ಯಾಟ್ ಕೊಂಡೆ. ಅಮ್ಮನನ್ನು ನೋಡಿಕೊಂಡಿದ್ದ ಅಣ್ಣ ಬಾಡಿಗೆ ಮನೆಗೆ ಹೋದ. ಕಾನೂನಿನಲ್ಲಿ ತಪ್ಪಿಲ್ಲ. ಅಡುಗೆಮನೆ ಮೂಲೆಯ ಶೆಲ್ಫಿಗೆ ನಾವೂ ದೇವರ ಮನೆ ಎನ್ನುತ್ತೇವೆ. ಹಾಗೆನ್ನುವ ಹಕ್ಕು ನನಗಿದೆಯೇ?

ತಪ್ಪು ಮಾಡಿದವನಿಗೂ ದೇವರು ದಾರಿಯಲ್ಲಿ ಸಿಕ್ಕ ಎಂಬುದು ಸಮಾಧಾನ. ಆದರೆ ಅದೇ ಬೇತೇಲನ್ನು ಮುಂದೆ ಪ್ರವಾದಿ ಹೋಶೇಯ ಬೇತಾವೆನ್, ಕೇಡಿನ ಮನೆ, ಎಂದು ಜರಿದ. ಹೆಸರಿಟ್ಟರೆ ಸಾಲದು, ಉಳಿಸಿಕೊಳ್ಳಬೇಕು. ಯಾಕೋಬನೂ ವರ್ಷಗಳ ನಂತರ ಅಣ್ಣನೆದುರು ಏಳು ಸಲ ನೆಲಕ್ಕೆ ಬಾಗಿದ. ಬೇತೇಲಿಗೆ ಮರಳಿ ಬಲಿಪೀಠ ಕಟ್ಟಿದ್ದು ಅದಾದ ಮೇಲೆ.

ಅಣ್ಣನ ಬಾಡಿಗೆ ಮನೆಗೆ ನಾನಿನ್ನೂ ಕಾಲಿಟ್ಟಿಲ್ಲ. ಈ ದೀಪಾವಳಿಗೆ ಹೋಗಬೇಕು.